ಮಕ್ಕಳ ಕೂಡುವ ಲೆಕ್ಕದ ಎಲೆಯಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ತರಗತಿಯಲ್ಲಿ ನಾನು ರಟ್ಟಿನ ಎಲೆಗಳಿಂದ ಆಡಿಸುತ್ತಿದ್ದ ಆಟವನ್ನೇ ಈಗ ಮೊಬೈಲಿಗೆ ತಂದಿದ್ದೇವೆ. ಆಟದ ನಿಯಮಗಳು ನನ್ನವು. ತಂತ್ರಾಂಶ ಬರೆದವನು ನನ್ನ ತಮ್ಮ. ತಂದೆ ತಾಯಂದಿರು, ಅಜ್ಜ ಅಜ್ಜಿಯರು, ಶಿಕ್ಷಕರು ಪತ್ರಗಳಲ್ಲಿಯೂ ಎದುರು ಸಿಕ್ಕಾಗಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ. ಹೊಸಬರಿಗೆ ಬೇಕಾದವು ಮೊದಲು ಬರುತ್ತವೆ. ಆಟದ ಒಳಗಿನ ಲೆಕ್ಕಾಚಾರವನ್ನು ತಿಳಿಯಬಯಸುವವರ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

## ಆಟ ಶುರು ಮಾಡುವ ಮುನ್ನ

ಇದು ಎಂಥ ಆಟ? ಮಗು ಏನು ಮಾಡಬೇಕು?

ಪರದೆಯ ಮೇಲ್ಭಾಗದಲ್ಲಿ ಒಂದು ಗುರಿ ಸಂಖ್ಯೆ ಇರುತ್ತದೆ. ಕೆಳಗೆ ಐದು ಎಲೆಗಳು ಮುಖ ಮೇಲಾಗಿ ಬಿದ್ದಿರುತ್ತವೆ. ಪ್ರತಿ ಎಲೆಯ ಮೇಲೆ 0ಯಿಂದ 9ರವರೆಗಿನ ಒಂದು ಅಂಕಿ, ಅದರ ಕೆಳಗೆ ಅಷ್ಟೇ ಹುಣಸೆ ಬೀಜಗಳ ಚಿತ್ರ ಇರುತ್ತದೆ. ಕೂಡಿದರೆ ಗುರಿ ಸಂಖ್ಯೆಯಾಗುವ ಎರಡು ಎಲೆಗಳನ್ನು ಮಗು ಹುಡುಕಿ, ಒಂದನ್ನು ಬೆರಳಿನಿಂದ ಎಳೆದು ಇನ್ನೊಂದರ ಮೇಲೆ ಇಡಬೇಕು. ಆಗ ಬೀಜಗಳು ಎಲೆಯಿಂದ ಇಳಿದು, ಐದೈದರಂತೆ ಎರಡು ಸಾಲಿನಲ್ಲಿರುವ ಹತ್ತು ಮನೆಗಳಲ್ಲಿ ಕೂರುತ್ತವೆ. ಹತ್ತು ತುಂಬಿ ಮಿಕ್ಕವು ಪಕ್ಕದ ಇನ್ನೊಂದು ಹತ್ತು ಮನೆಗೆ ಹೋಗುತ್ತವೆ. ಚೌಕಾಬಾರ ಆಡಿದವರಿಗೆ ಮನೆ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡಿ ಸರಿಯಿದ್ದರೆ ಎರಡೂ ಎಲೆಗಳು ಮಗುವಿನ ಕಟ್ಟಿಗೆ ಸೇರಿ, ಅವುಗಳ ಜಾಗಕ್ಕೆ ಹೊಸ ಎಲೆಗಳು ಬರುತ್ತವೆ. ಹತ್ತು ಜೋಡಿಗೆ ಒಂದು ಸುತ್ತು. ಮೊದಲ ಹಂತದಲ್ಲಿ ಮೊತ್ತ 5ನ್ನು ದಾಟುವುದಿಲ್ಲ. ಎರಡನೆಯದರಲ್ಲಿ 10ನ್ನು ದಾಟುವುದಿಲ್ಲ. ಮೂರನೆಯದು ಹತ್ತರ ಜೋಡಿಗಳಿಗೇ ಮೀಸಲು. ನಾಲ್ಕನೆಯದರಲ್ಲಿ 9 ಮತ್ತು 9ರ ಮೊತ್ತವಾದ 18ರವರೆಗೆ ಹೋಗಬಹುದು.

ಎಲೆ ಅಂದರೆ ಇಸ್ಪೀಟು ತಾನೇ? ನಮ್ಮ ಮನೆಯಲ್ಲಿ ಅದನ್ನು ಮುಟ್ಟುವುದೇ ಇಲ್ಲ.

ಈ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಸ್ಪೀಟಿನ ಪಣದಲ್ಲಿ ಹೊಲ ಮನೆ ಕಳೆದುಕೊಂಡವರನ್ನು ಹತ್ತಿರದಿಂದ ಕಂಡ ಹಿರಿಯರೇ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುತ್ತಾರೆ. ಈ ಆಟದಲ್ಲಿ ರಾಜ, ರಾಣಿ, ಜೋಕರ್ ಇಲ್ಲ, ಪಣವಿಲ್ಲ, ಗೆದ್ದವರಿಗೆ ನಾಣ್ಯವಾಗಲಿ ವಜ್ರವಾಗಲಿ ಸಿಗುವುದಿಲ್ಲ. ಎಲೆಯಾಟ ಬೇರೆ, ಜೂಜು ಬೇರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಬುದ್ಧಿಗೆ ಕೆಲಸ ಕೊಡುವ ಹಲವು ಆಟಗಳನ್ನು ರೂಪಿಸಿದ್ದರು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯೂ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಿನಿಂದ ಕಾರ್ಡುಗಳನ್ನೇ ನೆಚ್ಚಿಕೊಂಡು ನಡೆದಿದೆ. ಮಗು ತನ್ನ ಕಾರ್ಡನ್ನು ತಾನೇ ಆರಿಸಿ ತಂದು, ತನ್ನ ವೇಗದಲ್ಲಿ ಮುಗಿಸಿ, ಕಲಿಕಾ ಏಣಿಯ ಮುಂದಿನ ಮೆಟ್ಟಿಲಿಗೆ ಹೋಗುವುದನ್ನು ನಾನು ದಿನವೂ ನೋಡಿದ್ದೇನೆ. ಈ ಆಟ ಹುಟ್ಟಿದ್ದು ಅಲ್ಲಿಯೇ.

ಮಗಳಿಗೆ ನಾಲ್ಕೂವರೆ ವರ್ಷ. ನೂರರವರೆಗೆ ಹೇಳುತ್ತಾಳೆ. ಈಗಲೇ ಶುರು ಮಾಡಬಹುದಾ?

ನೂರರವರೆಗೆ ಹೇಳುವುದು ಒಳ್ಳೆಯದೇ, ಆದರೆ ಅದು ಬಾಯಿಪಾಠ, ಎಣಿಕೆ ಅಲ್ಲ. ಬಸವನಗುಡಿಯ ಪರಿಷೆಯಿಂದ ತಂದ ಕಡಲೆಕಾಯಿಯಲ್ಲಿ ಏಳನ್ನು ನೆಲದ ಮೇಲೆ ಚೆಲ್ಲಿ, ಎಷ್ಟಿವೆ ಎಂದು ಕೇಳಿ ನೋಡಿ. ಬಾಯಿ ಬೆರಳಿಗಿಂತ ಮುಂದೆ ಓಡಿ ಎಂಟು ಅಥವಾ ಒಂಬತ್ತಕ್ಕೆ ನಿಲ್ಲುವ ಮಕ್ಕಳು ಬಹಳ. ಒಂದು ಕಾಯಿಗೆ ಒಂದೇ ಸಂಖ್ಯೆಯನ್ನು ಹೇಳುತ್ತಾಳೆಯೇ, ಎಣಿಸಿ ಮುಗಿಸಿದ ಮೇಲೆ ಒಟ್ಟು ಎಷ್ಟು ಎಂದು ಕೇಳಿದರೆ ಮತ್ತೆ ಮೊದಲಿನಿಂದ ಎಣಿಸದೆ ಕೊನೆಯ ಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತಾಳೆಯೇ, ಮೂರು ಕಾಯಿಗಳನ್ನು ಎಣಿಸದೆ ನೋಟದಲ್ಲೇ ಮೂರು ಎನ್ನುತ್ತಾಳೆಯೇ ಎಂಬುದನ್ನು ಗಮನಿಸಿ. ಈ ಮೂರೂ ಬಂದಿದ್ದರೆ ವಯಸ್ಸು ಎಷ್ಟೇ ಇರಲಿ, ಮೊದಲ ಹಂತವನ್ನು ಆಡಿಸಬಹುದು. ಬಂದಿಲ್ಲದಿದ್ದರೆ ಮೊಬೈಲನ್ನು ಬದಿಗಿಟ್ಟು ಕಡಲೆಕಾಯಿಯನ್ನೇ ಸುಲಿಯಿರಿ: ಒಂದು ಕಾಯಿಯಲ್ಲಿ ಎರಡು ಬೀಜ, ಇನ್ನೊಂದರಲ್ಲಿ ಮೂರು, ಒಟ್ಟು ಎಷ್ಟು ತಿಂದೆ ಎಂದು ಕೇಳುವುದರಲ್ಲಿ ಕೂಡುವ ಲೆಕ್ಕ ತಾನಾಗಿ ಇದೆ.

ದಿನಕ್ಕೆ ಎಷ್ಟು ಹೊತ್ತು ಆಡಬೇಕು? ಮೊಬೈಲ್ ಚಟ ಹತ್ತಿದರೆ ಏನು ಮಾಡೋದು?

ಹತ್ತು ನಿಮಿಷ ಸಾಕು. ಮೂರು ಸುತ್ತು ಮುಗಿದ ಮೇಲೆ ಆಟವೇ ಎಲೆಗಳನ್ನು ಜೋಡಿಸಿಟ್ಟು ಮುಚ್ಚಿಕೊಳ್ಳುತ್ತದೆ, ಮರುದಿನವೇ ತೆರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಟಿವಿ, ಕಾರ್ಟೂನು, ಊಟದ ಹೊತ್ತಿನ ಮೊಬೈಲು ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಭಾನುವಾರ ಒಂದೇ ಸಲ ಒಂದು ಗಂಟೆ ಆಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷದಂತೆ ವಾರವಿಡೀ ಆಡಿದ್ದು ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತದೆ. ಒಂದು ದಿನ ತಪ್ಪಿದರೆ ಹೋಗುವಂಥ ಬಹುಮಾನವನ್ನಾಗಲಿ, ಬಾ ಎಂದು ಕರೆಯುವ ಸೂಚನೆಗಳನ್ನಾಗಲಿ ನಾವು ಇಟ್ಟಿಲ್ಲ. ಸಾಧ್ಯವಾದಷ್ಟೂ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಲಿ ಎಂದು ಕೇಳಿಕೊಳ್ಳುತ್ತೇನೆ; ಮಗುವಿನ ಕಲಿಕೆಯ ಅರ್ಧಭಾಗ ಆ ಮಾತುಕತೆಯಲ್ಲಿದೆ.

ನಡುವೆ ಜಾಹೀರಾತು ಬರುತ್ತದಾ? ಮಗುವಿನ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಜಾಹೀರಾತು ಇಲ್ಲ, ಆಟದೊಳಗೆ ಕೊಳ್ಳಬೇಕಾದ್ದೂ ಇಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಬೇಕಾಗುವುದಿಲ್ಲ. ಮಗುವಿನ ಹೆಸರನ್ನಾಗಲಿ, ಫೋಟೊವನ್ನಾಗಲಿ ನಾವು ಕೇಳುವುದಿಲ್ಲ. ಯಾವ ಜೋಡಿ ಬಂತು, ಯಾವುದು ಬರಲಿಲ್ಲ ಎಂಬ ದಾಖಲೆ ನಿಮ್ಮ ಮೊಬೈಲಿನಲ್ಲೇ ಇರುತ್ತದೆ, ಆಟವನ್ನು ತೆಗೆದುಹಾಕಿದರೆ ಅದೂ ಹೋಗುತ್ತದೆ. ಬೇರೆ ಆಟಗಳನ್ನು ಹಾಕಿಕೊಡುವಾಗ ಒಂದು ವಿಷಯ ತಿಳಿದಿರಲಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಟ್ಟು ಜಾಹೀರಾತು ತೋರಿಸುವುದಕ್ಕೆ ಆ ಕಾಯ್ದೆ ಅವಕಾಶ ಕೊಡುವುದಿಲ್ಲ. ಮಗು ಆಟದಿಂದ ಹೊರಬಂದು ಬೇರೆ ಕಡೆ ಹೋಗದಂತೆ ತಡೆಯಲು ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ; ಐಫೋನಿನಲ್ಲಿ ಅದನ್ನು ಗೈಡೆಡ್ ಆ್ಯಕ್ಸೆಸ್ ಎನ್ನುತ್ತಾರೆ.

## ಆಡಲು ಶುರುವಾದ ಮೇಲೆ

ಇನ್ನೂ ಬೆರಳು ಮಡಚಿ ಎಣಿಸುತ್ತಾನೆ. ಅದನ್ನು ಬಿಡಿಸುವುದು ಹೇಗೆ? ಶಾಲೆಯಲ್ಲಿ ಮಿಸ್ ಬೈಯುತ್ತಾರೆ.

ನನಗೆ ಬಂದ ಪತ್ರಗಳಲ್ಲಿ ಅತಿ ಹೆಚ್ಚು ಸಲ ಕಂಡ ಪ್ರಶ್ನೆ ಇದು. ದಯವಿಟ್ಟು ಬಿಡಿಸಬೇಡಿ, ಅದು ತಾನಾಗಿ ಬಿಟ್ಟುಹೋಗಬೇಕು, ಹೋಗುತ್ತದೆ.

ಐದು ಮತ್ತು ಮೂರನ್ನು ಕೂಡಿಸು ಎಂದಾಗ ಮಗು ಮೊದಮೊದಲು ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಮೂರು ಬೆರಳು ತೋರಿಸಿ, ಒಂದರಿಂದ ಎಂಟರವರೆಗೆ ಎಲ್ಲವನ್ನೂ ಎಣಿಸುತ್ತದೆ. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಐದನ್ನು ಮತ್ತೆ ಎಣಿಸುವ ಅಗತ್ಯವಿಲ್ಲ ಎಂಬುದು ಅದಕ್ಕೆ ಹೊಳೆಯುತ್ತದೆ. "ಮನಸ್ಸಿನಲ್ಲಿ ಐದು, ಬೆರಳಲ್ಲಿ ಮೂರು" ಎಂದು ನಾವೆಲ್ಲ ಕಲಿತದ್ದು ಈ ಮೆಟ್ಟಿಲನ್ನೇ. ಅದಾದ ಮೇಲೆ ಎರಡು ಮತ್ತು ಏಳು ಬಂದಾಗ ಮನಸ್ಸಿನಲ್ಲಿ ಇಡಬೇಕಾದದ್ದು ದೊಡ್ಡದಾದ ಏಳನ್ನು ಎಂದು ಕಂಡುಕೊಳ್ಳುತ್ತದೆ. ಇಲ್ಲಿಯವರೆಗೂ ಅದು ಎಣಿಕೆಯೇ. ಸಂಖ್ಯೆಯನ್ನು ಒಡೆದು ಬೇಕಾದ ಹಾಗೆ ಸೇರಿಸಿಕೊಳ್ಳಬಹುದು ಎಂದು ಮಗುವಿಗೆ ಕಂಡ ದಿನ ಕೂಡುವ ಲೆಕ್ಕ ನಿಜವಾಗಿ ಶುರುವಾಗುತ್ತದೆ.

ನೆರೆಮನೆಯ ಆರು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ತೊಡೆಯ ಮೇಲೆ ಕುಳಿತು ಆಡುತ್ತಿದ್ದಾಗ ಆ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ. ಗುರಿ 13 ಇತ್ತು. ಎಂಟರ ಎಲೆಯ ಪಕ್ಕದಲ್ಲಿ ಐದು ಬೆರಳು ಬಿಡಿಸಿ ಹಿಡಿದವಳು ಎಣಿಸಲು ಹೋಗದೆ ಸುಮ್ಮನೆ ನೋಡಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಎರಡನ್ನು ಮಡಚಿ ಎಂಟರ ಎಲೆಗೆ ಒತ್ತಿ, "ಅಜ್ಜೀ, ಇದು ಹತ್ತಾಯ್ತು, ಇಲ್ಲಿ ಮೂರು ಉಳೀತು" ಎಂದಳು. ಬೆರಳೇ ಅವಳಿಗೆ ಆ ದಾರಿ ತೋರಿಸಿತು. ಬೈಸಿಕೊಂಡ ಮಗು ಬೆರಳನ್ನು ಬಿಡುವುದಿಲ್ಲ; ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡು ಎಣಿಸುತ್ತದೆ, ಆಗ ಅದು ಯಾವ ಮೆಟ್ಟಿಲಿನಲ್ಲಿದೆ ಎಂಬುದು ನಮಗೆ ಕಾಣದೆ ಹೋಗುತ್ತದೆ. ಬೈಯುವ ಬದಲು "ಹೇಗೆ ಗೊತ್ತಾಯ್ತು, ನನಗೂ ಹೇಳಿಕೊಡು" ಎಂದು ಕೇಳಿ.

ಇಲ್ಲಿ ಹಿರಿಯರಿಗೆ ಒಂದು ಮಾತು: ನಾವು ಬೆರಳಿನ ಗೆಣ್ಣುಗಳನ್ನು ಎಣಿಸಿ ರೂಢಿಯಾದವರು, ಒಂದು ಬೆರಳಿಗೆ ಮೂರು ಲೆಕ್ಕ. ಮಗುವಿಗೆ ಸದ್ಯಕ್ಕೆ ಇಡೀ ಬೆರಳೇ ಇರಲಿ. ಒಂದು ಕೈ ಐದು, ಎರಡು ಕೈ ಹತ್ತು ಎಂಬ ನೋಟ ಗೆಣ್ಣುಗಳಲ್ಲಿ ಸಿಗುವುದಿಲ್ಲ.

ಟೈಮರ್ ಯಾಕೆ ಇಟ್ಟಿಲ್ಲ? ವೇಗ ಬೇಡವೇ?

ಮೊದಲ ಆವೃತ್ತಿಯಲ್ಲಿ ಇಟ್ಟಿದ್ದೆವು. ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ಕರಗುತ್ತಾ ಹೋಗುತ್ತಿತ್ತು. ಒಬ್ಬ ಹುಡುಗ ಎಡಗೈಯಿಂದ ಆ ಪಟ್ಟಿಯನ್ನು ಮುಚ್ಚಿಕೊಂಡು ಬಲಗೈಯಿಂದ ಆಡುತ್ತಿದ್ದುದನ್ನು ಕಂಡ ದಿನವೇ ಅದನ್ನು ತೆಗೆಸಿದೆ. ಅವಸರ ಹುಟ್ಟಿದರೆ ಮಗು ಹೊಸ ದಾರಿಯನ್ನು ಹುಡುಕುವುದಿಲ್ಲ, ತನಗೆ ಗೊತ್ತಿರುವ ಹಳೆಯ ಎಣಿಕೆಯನ್ನೇ ಇನ್ನಷ್ಟು ಜೋರಾಗಿ ಮಾಡುತ್ತದೆ, ಇಲ್ಲವೇ ಊಹಿಸುತ್ತದೆ. ವೇಗ ಬೇಕು, ನಿಜ. ಮುಂದೆ ದೊಡ್ಡ ಲೆಕ್ಕ ಮಾಡುವಾಗ ಏಳೂ ಐದೂ ಎಷ್ಟೆಂದು ಯೋಚಿಸುತ್ತಾ ನಿಂತರೆ ಮೂಲ ಪ್ರಶ್ನೆಯೇ ಮರೆತುಹೋಗುತ್ತದೆ. ಆದರೆ ಆ ವೇಗ ಪರಿಚಯದಿಂದ ಬರುತ್ತದೆ, ಗಡಿಯಾರದಿಂದ ಬರುವುದಿಲ್ಲ.

ತಪ್ಪು ಜೋಡಿ ಇಟ್ಟರೆ ಯಾವ ಸದ್ದೂ ಬರುವುದಿಲ್ಲ. ತಪ್ಪು ಎಂದು ಮಗುವಿಗೆ ಹೇಗೆ ತಿಳಿಯಬೇಕು?

ಸದ್ದು ಇತ್ತು. ಕಪ್ಪೆ ವಟಗುಟ್ಟಿದಂತಿದ್ದ ಆ ಸದ್ದನ್ನು ಕೇಳುವುದಕ್ಕಾಗಿಯೇ ಮಕ್ಕಳು ಬೇಕೆಂದು ತಪ್ಪು ಎಲೆಗಳನ್ನು ಜೋಡಿಸತೊಡಗಿದರು. ಈಗ ತಪ್ಪು ಜೋಡಿ ಇಟ್ಟಾಗಲೂ ಬೀಜಗಳು ಮನೆಗಳಿಗೆ ಇಳಿಯುತ್ತವೆ. ಗುರಿ 9 ಇದ್ದು ಮಗು 5 ಮತ್ತು 3ನ್ನು ಇಟ್ಟರೆ ಎಂಟು ಮನೆ ತುಂಬಿ ಒಂಬತ್ತನೆಯದು ಖಾಲಿಯಾಗಿ ಮಿನುಗುತ್ತದೆ, ಆಮೇಲೆ ಎಲೆಗಳು ತಮ್ಮ ಜಾಗಕ್ಕೆ ಮರಳುತ್ತವೆ. ತಪ್ಪಾಯಿತು ಎನ್ನುವುದಕ್ಕಿಂತ ಒಂದು ಕಡಿಮೆಯಾಯಿತು ಎನ್ನುವುದು ಮಗುವಿಗೆ ಹೆಚ್ಚು ಉಪಯೋಗದ ಮಾತು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಸಂಖ್ಯೆಗಳನ್ನು ಯಾವ ಭಾಷೆಯಲ್ಲಿ ಕೇಳಿಸಬೇಕು?

ಹತ್ತನ್ನು ದಾಟುವವರೆಗೆ ಎರಡರಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಹತ್ತು ದಾಟಿದ ಕೂಡಲೇ ಕನ್ನಡ ಮಗುವಿನ ಕೈ ಹಿಡಿಯುತ್ತದೆ. ಹದಿಮೂರು ಎಂಬ ಪದದಲ್ಲಿ ಹತ್ತೂ ಇದೆ, ಮೂರೂ ಇದೆ, ಹತ್ತೇ ಮೊದಲು ಬರುತ್ತದೆ. ಬರೆಯುವಾಗಲೂ ಹತ್ತರ ಸ್ಥಾನದ 1 ಮೊದಲು, ಬಿಡಿ ಸ್ಥಾನದ 3 ಆಮೇಲೆ. ಹನ್ನೊಂದು, ಹನ್ನೆರಡು ಎಂಬಲ್ಲಿ ಹತ್ತು ಸ್ವಲ್ಪ ಮರೆಯಾದರೂ ಒಂದು, ಎರಡು ಸ್ಪಷ್ಟವಾಗಿ ಕೇಳಿಸುತ್ತವೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಪದಗಳಿಂದ ಮಗುವಿಗೆ ಅಂಥ ಸುಳಿವು ಸಿಗುವುದಿಲ್ಲ. ಥರ್ಟೀನ್, ಫೋರ್ಟೀನ್‌ಗಳಲ್ಲಿ ಬಿಡಿಯೇ ಮೊದಲು ಕೇಳಿಸುವುದರಿಂದ 14ನ್ನು 41 ಎಂದು ಬರೆಯುವ ಮಕ್ಕಳಿದ್ದಾರೆ, ಥರ್ಟೀನ್ ಮತ್ತು ಥರ್ಟಿ ಕಿವಿಗೆ ಒಂದೇ ಆಗುವುದೂ ಉಂಟು. ತಮಿಳು, ತೆಲುಗು ಮಾತನಾಡುವ ಮನೆಗಳಲ್ಲಿಯೂ ಕನ್ನಡದಂತೆ ಹತ್ತು ಮುಂದೆ ಬರುತ್ತದೆ. ಹಿಂದಿ, ಉರ್ದುಗಳ ತೇರಾ, ಚೌದಾ ಮುಂತಾದವುಗಳಲ್ಲಿ ಮಾತ್ರ ಬಿಡಿ ಮೊದಲು ಬಂದು ಹತ್ತು ಅದರೊಳಗೆ ಕರಗಿಹೋಗಿದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಮಗು ಮನೆಮಾತಿನಲ್ಲಿ ಯೋಚಿಸಲಿ, "ಎಂಟು, ಎರಡು, ಹತ್ತು, ಇನ್ನು ಮೂರು, ಹದಿಮೂರು" ಎಂದು ಬಾಯಿಬಿಟ್ಟು ಹೇಳಲಿ. ಉತ್ತರ ಗಟ್ಟಿಯಾದ ಮೇಲೆ ಅದನ್ನೇ ಶಾಲೆಯಲ್ಲಿ ಏನನ್ನುತ್ತಾರೆ ಎಂದು ಕೇಳಿ. ಒಂದೇ ಸುತ್ತಿನಲ್ಲಿ ಎರಡು ಭಾಷೆಗಳನ್ನು ಬೆರೆಸದಿರುವುದು ಒಳ್ಳೆಯದು. ಕನ್ನಡದಲ್ಲಿ ಎಡವುವ ಜಾಗವೂ ಒಂದಿದೆ: ಹತ್ತೊಂಬತ್ತು, ತೊಂಬತ್ತು ಎರಡನ್ನೂ ಮಕ್ಕಳು ಬಹಳ ದಿನ ಅದಲುಬದಲು ಮಾಡುತ್ತಾರೆ. ಈ ಆಟ 18ಕ್ಕೇ ನಿಲ್ಲುವುದರಿಂದ ಆ ತೊಡಕು ಇಲ್ಲಿ ಎದುರಾಗುವುದಿಲ್ಲ.

ಕನ್ನಡ ಅಂಕಿಗಳಲ್ಲಿ ಆಡಿಸಬಹುದಾ?

ಆಡಿಸಬಹುದು, ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಒಂದು ಗುಂಡಿಯಿದೆ. ಆದರೆ ಶಾಲೆಯ ಗಣಿತ ಪುಸ್ತಕದಲ್ಲಿ ಮಗು ನೋಡುವುದು 1, 2, 3 ರೂಪಗಳನ್ನು. ಎರಡನ್ನೂ ಒಟ್ಟಿಗೆ ಕೊಟ್ಟರೆ ೧ ಮತ್ತು 0 ಕಣ್ಣಿಗೆ ಗೊಂದಲವಾಗುತ್ತವೆ. ಎರಡನೆಯ ಹಂತ ಸಲೀಸಾದ ಮೇಲೆ ಕನ್ನಡ ಅಂಕಿಗಳಿಗೆ ಬದಲಾಯಿಸಿದರೆ, ಬರುವ ಲೆಕ್ಕವನ್ನೇ ಹೊಸ ವೇಷದಲ್ಲಿ ಕಂಡ ಖುಷಿ ಮಕ್ಕಳಿಗೆ ಆಗುತ್ತದೆ. ಆಮೇಲೆ ಅವರು ಮನೆಯ ಪಂಚಾಂಗದ ತಾರೀಕುಗಳನ್ನು ತಾವೇ ಓದತೊಡಗುತ್ತಾರೆ.

ಅಣ್ಣ ತಂಗಿ ಇಬ್ಬರೂ ಒಂದೇ ಮೊಬೈಲಿನಲ್ಲಿ ಆಡಬಹುದಾ?

ಆಡಬಹುದು. ತೆರೆಯುವಾಗ ಹೂವು, ಹಕ್ಕಿ, ಮೀನು ಎಂಬ ಮೂರು ಗುರುತುಗಳು ಕಾಣುತ್ತವೆ. ಒಂದೊಂದು ಗುರುತಿಗೆ ಪ್ರತ್ಯೇಕ ದಾಖಲೆ ಇರುತ್ತದೆ. ದೊಡ್ಡವನ ಅಂಕವನ್ನು ಚಿಕ್ಕವಳಿಗೆ ಹೋಲಿಸಿ ತೋರಿಸುವ ಪಟ್ಟಿ ಇಲ್ಲ, ಮುಂದೆಯೂ ಇಡುವುದಿಲ್ಲ.

## ಆಟದ ಒಳಗಿನ ಲೆಕ್ಕ

ಒಟ್ಟು ಎಷ್ಟು ಕೂಡುವ ಲೆಕ್ಕಗಳನ್ನು ಮಗು ನೆನಪಿಡಬೇಕು? ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರೆ ಬೇಗ ಆಗುವುದಿಲ್ಲವೇ?

0ಯಿಂದ 9ರವರೆಗಿನ ಅಂಕಿಗಳನ್ನು ಎರಡೆರಡಾಗಿ ಕೂಡಿದರೆ 100 ಲೆಕ್ಕಗಳಾಗುತ್ತವೆ. ನೂರು ಎಂದರೆ ಮಗುವಿಗೂ ತಾಯಿಗೂ ಎದೆ ಝಲ್ಲೆನ್ನುತ್ತದೆ. ಆದರೆ 3 ಮತ್ತು 8, 8 ಮತ್ತು 3 ಒಂದೇ ಎಂದು ತಿಳಿದ ಕೂಡಲೇ ಅವು 55ಕ್ಕೆ ಇಳಿಯುತ್ತವೆ. ಆ 55ನ್ನು ನಾನು ತರಗತಿಯಲ್ಲಿ ಕರಗಿಸುತ್ತಿದ್ದ ರೀತಿ ಹೀಗಿದೆ.

ಸೊನ್ನೆ ಸೇರಿಸುವುವು 10. ಏನೂ ಬದಲಾಗುವುದಿಲ್ಲ ಎಂಬ ಒಂದೇ ಮಾತಿನಿಂದ ಅವು ಮುಗಿದವು. ಒಂದನ್ನು ಸೇರಿಸುವುವು 9. ಎಣಿಕೆಯ ಮುಂದಿನ ಸಂಖ್ಯೆ ಹೇಳಲು ಬಂದರೆ ಇವೂ ಬಂದವು. ಎರಡನ್ನು ಸೇರಿಸುವುವು ಇನ್ನು 8. ತನಗೆ ತಾನೇ ಸೇರುವ ಅವಳಿ ಜೋಡಿಗಳಲ್ಲಿ 3 ಮತ್ತು 3ರಿಂದ 9 ಮತ್ತು 9ರವರೆಗೆ 7 ಉಳಿದಿವೆ. ಅವಳಿಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ, ಅವುಗಳಲ್ಲಿ ಒಂದು ಲಯವಿದೆ. ಹತ್ತರ ಜೋಡಿಗಳಲ್ಲಿ ಇನ್ನೂ ಬರದಿರುವುವು 3 ಮತ್ತು 7, 4 ಮತ್ತು 6, ಎರಡೇ. ಇಷ್ಟರಲ್ಲಿ 36 ಮುಗಿದು 19 ಉಳಿದವು. ಆ 19ರಲ್ಲಿ 6 ಅವಳಿಯ ನೆರೆಯವು: ಆರೂ ಆರೂ ಹನ್ನೆರಡಾದರೆ ಆರೂ ಏಳೂ ಅದಕ್ಕಿಂತ ಒಂದು ಹೆಚ್ಚು. ಇನ್ನು 5 ಒಂಬತ್ತಕ್ಕೆ ಸೇರುವಂಥವು. ಒಂಬತ್ತಕ್ಕೆ ಹತ್ತಾಗಲು ಒಂದು ಸಾಕು, ಪಕ್ಕದ ಎಲೆಯಿಂದ ಒಂದನ್ನು ಎರವಲು ತಂದರಾಯಿತು. ಕೊನೆಗೆ ಉಳಿಯುವುದು ಎಂಟೇ ಜೋಡಿ: 3 ಮತ್ತು 5, 3 ಮತ್ತು 6, 3 ಮತ್ತು 8, 4 ಮತ್ತು 7, 4 ಮತ್ತು 8, 5 ಮತ್ತು 7, 5 ಮತ್ತು 8, 6 ಮತ್ತು 8. ಇವುಗಳಲ್ಲಿಯೂ ಎಂಟು ಇರುವ ನಾಲ್ಕು ಜೋಡಿಗಳಿಗೆ ಎರಡನ್ನು ಎರವಲು ತರುವ ದಾರಿಯಿದೆ. ಆಟದ ನಾಲ್ಕನೆಯ ಹಂತದಲ್ಲಿ ಈ ಎಂಟು ಜೋಡಿಗಳೇ ಉಳಿದವಕ್ಕಿಂತ ಹೆಚ್ಚು ಸಲ ಬರುವಂತೆ ಮಾಡಿದ್ದೇವೆ.

ಮಗ್ಗಿಯನ್ನು ನಾನು ಹಳಿಯುವುದಿಲ್ಲ; ಬಾಯಿಪಾಠವಾದದ್ದು ಮುಪ್ಪಿನವರೆಗೂ ಉಳಿಯುತ್ತದೆ. ಆದರೆ ಬಾಯಿಪಾಠ ಮಾತ್ರ ಇದ್ದರೆ, ಮರೆತಾಗ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ದಾರಿ ಗೊತ್ತಿದ್ದ ಮಗು ಮರೆತದ್ದನ್ನು ಮತ್ತೆ ಕಟ್ಟಿಕೊಳ್ಳುತ್ತದೆ.

ಉತ್ತರವನ್ನು ಮೊದಲೇ ತೋರಿಸಿ ಲೆಕ್ಕವನ್ನು ಹುಡುಕಿಸುತ್ತೀರಿ. ಇದು ತಿರುವುಮುರುವಾಗಲಿಲ್ಲವೇ?

ಬೇಕೆಂದೇ ಹಾಗೆ ಮಾಡಿದ್ದೇವೆ. ಸಾಮಾನ್ಯ ಅಭ್ಯಾಸದ ಹಾಳೆಯಲ್ಲಿ 7 + 5 = ಎಂದು ಬರೆದು ಮುಂದೆ ಜಾಗ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಹೀಗೆ ಮಾಡಿದ ಮಗುವಿಗೆ ಸಮ ಚಿಹ್ನೆ ಎಂದರೆ ಉತ್ತರ ಬರೆ ಎಂಬ ಅಪ್ಪಣೆಯಂತೆ ಕಾಣುತ್ತದೆ. 8 + 4 = ▢ + 5 ಎಂದು ಕೊಟ್ಟರೆ ಮನೆಯೊಳಗೆ 12 ಎಂದು ಬರೆದುಬಿಡುತ್ತದೆ; ಸರಿಯಾದದ್ದು 7. ಎರಡೂ ಕಡೆಯ ತೂಕ ಒಂದೇ ಎಂಬ ಅರ್ಥ ಅದಕ್ಕೆ ತಿಳಿದೇ ಇರುವುದಿಲ್ಲ. ಗುರಿಯಾಗಿ 12 ಕಂಡು, ಅದನ್ನು 7 ಮತ್ತು 5 ಆಗಿ, ಇನ್ನೊಂದು ಸಲ 9 ಮತ್ತು 3 ಆಗಿ ಹುಡುಕಿದ ಮಗುವಿಗೆ ಒಂದು ಸಂಖ್ಯೆಯನ್ನು ಹಲವು ರೀತಿಯಲ್ಲಿ ಒಡೆಯಬಹುದು ಎಂಬುದು ಕೈಗೇ ರೂಢಿಯಾಗುತ್ತದೆ. ಮುಂದೆ ಕಳೆಯುವ ಲೆಕ್ಕಕ್ಕೂ ಇದೇ ಬುನಾದಿ: ಹನ್ನೆರಡು ಬೇಕು, ಕೈಯಲ್ಲಿ ಏಳಿದೆ, ಇನ್ನೆಷ್ಟು ಬೇಕು?

ಇದರಿಂದ ಇನ್ನೊಂದು ಅನುಕೂಲವೂ ಆಯಿತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಆಟದಲ್ಲಿ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕು ಸಲಕ್ಕೊಮ್ಮೆ ಸರಿಯಾಗುತ್ತದೆ. ಐದು ಎಲೆಗಳಿಂದ ಎರಡನ್ನು ಆರಿಸಲು 10 ರೀತಿಗಳಿವೆ; ಸರಿಯಾದ ಜೋಡಿ ಒಂದೇ ಇದ್ದಾಗ ಊಹೆ ಫಲಿಸುವುದು ಹತ್ತರಲ್ಲಿ ಒಂದು ಸಲ.

ಯಾವ ಲೆಕ್ಕ ಮತ್ತೆ ಯಾವಾಗ ಬರಬೇಕು ಎಂದು ಆಟ ಹೇಗೆ ತೀರ್ಮಾನಿಸುತ್ತದೆ?

ಇದರ ಮೂಲ ಬಹಳ ಸರಳವಾದ ಒಂದು ಉಪಾಯ. ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಕಾರ್ಡುಗಳನ್ನು ಡಬ್ಬಿಯ ಖಾನೆಗಳಲ್ಲಿ ವಿಂಗಡಿಸಿ ಕಲಿಯುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಗೊತ್ತಿರುವ ಕಾರ್ಡು ಮುಂದಿನ ಖಾನೆಗೆ ಸರಿಯುತ್ತದೆ, ಅದನ್ನು ಅಪರೂಪಕ್ಕೆ ನೋಡುತ್ತೇವೆ. ತಪ್ಪಿದ ಕಾರ್ಡು ಮೊದಲ ಖಾನೆಗೆ ಮರಳುತ್ತದೆ. ನಮ್ಮ ಆಟದಲ್ಲಿ 55 ಜೋಡಿಗಳಿಗೆ ನಾಲ್ಕು ಖಾನೆಗಳಿವೆ: ದಿನವೂ, ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬರುವಂಥವು. ಒಂದು ಬದಲಾವಣೆಯನ್ನು ಮಾತ್ರ ಮಾಡಿಕೊಂಡಿದ್ದೇವೆ. ಮೂರನೆಯ ಹಂತದಿಂದ ಎಲೆಗಳ ಮೇಲಿನ ಬೀಜಗಳು ಮರೆಯಾಗುತ್ತವೆ, ಎಲೆಯನ್ನು ಒತ್ತಿ ಹಿಡಿದರೆ ಕಾಣಿಸುತ್ತವೆ. ಬೀಜ ನೋಡಿ ಎಣಿಸಿ ಸರಿ ಮಾಡಿದ ಜೋಡಿ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಸರಿಯುವುದಿಲ್ಲ. ಇದ್ದ ಖಾನೆಯಲ್ಲೇ ಇರುತ್ತದೆ. ಎಣಿಸಿದ್ದು ತಪ್ಪಲ್ಲ, ಆದರೆ ಆ ಜೋಡಿ ಇನ್ನೂ ಅಭ್ಯಾಸವನ್ನು ಕೇಳುತ್ತಿದೆ.

ಆಟದಲ್ಲಿ ಎಲ್ಲವೂ ಸರಿ ಬರುತ್ತದೆ, ನೋಟ್‌ಬುಕ್ಕಿನಲ್ಲಿ 27ಕ್ಕೆ 15 ಕೂಡಿಸು ಎಂದರೆ 312 ಎಂದು ಬರೆಯುತ್ತಾಳೆ. ಯಾಕೆ?

ಅವಳ ಕೂಡುವ ಲೆಕ್ಕ ಸರಿಯಾಗಿಯೇ ಇದೆ, ನೋಡಿ: ಏಳೂ ಐದೂ ಹನ್ನೆರಡು ಎಂದು ಬರೆದಳು, ಎರಡೂ ಒಂದೂ ಮೂರು ಎಂದು ಪಕ್ಕದಲ್ಲಿ ಬರೆದಳು. ಅವಳಿಗೆ ಬಾರದಿರುವುದು ಸ್ಥಾನ ಬೆಲೆ. ಅದನ್ನು ಈ ಆಟ ಕಲಿಸುವುದಿಲ್ಲ, ಕಲಿಸುತ್ತದೆ ಎಂದು ನಾವು ಹೇಳುವುದೂ ಇಲ್ಲ. ದಶಕ ಇಟ್ಟುಕೊಳ್ಳುವುದನ್ನು ಪರದೆಗಿಂತ ಕಡ್ಡಿಗಳಲ್ಲಿ ತೋರಿಸುವುದು ಲೇಸು. ಬೆಂಕಿಕಡ್ಡಿಗಳ ಮದ್ದನ್ನು ಮುರಿದು ತೆಗೆದು ಹತ್ತು ಹತ್ತರ ಕಟ್ಟುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. 27 ಎಂದರೆ ಎರಡು ಕಟ್ಟು, ಏಳು ಬಿಡಿ. 15 ಎಂದರೆ ಒಂದು ಕಟ್ಟು, ಐದು ಬಿಡಿ. ಬಿಡಿಗಳೆಲ್ಲ ಸೇರಿ ಹನ್ನೆರಡಾದಾಗ ಅವುಗಳಲ್ಲಿ ಹತ್ತನ್ನು ಅವಳ ಕೈಯಿಂದಲೇ ಕಟ್ಟಿಸಿ ಕಟ್ಟುಗಳ ಗುಂಪಿಗೆ ಇಡಿಸಿ. ನಾಲ್ಕು ಕಟ್ಟು, ಎರಡು ಬಿಡಿ ಎಂದು ಕಂಡ ಮೇಲೆ 42 ಎಂದು ಬರೆಸಿ. ಆಮೇಲೆ 312ನ್ನು ಪಕ್ಕದಲ್ಲಿಟ್ಟು, ಇದು ಇಷ್ಟು ಕಡ್ಡಿಗಳಾಗಲು ಸಾಧ್ಯವೇ ಎಂದು ಕೇಳಿ.

ಎರಡನೇ ಕ್ಲಾಸು ಮುಗಿಯುತ್ತ ಬಂತು, ದಿನಾ ಆಡಿಸಿದರೂ ಐದರೊಳಗಿನ ಲೆಕ್ಕವೇ ನಿಲ್ಲುತ್ತಿಲ್ಲ. ಮಗುವಿಗೆ ಏನಾದರೂ ತೊಂದರೆ ಇರಬಹುದಾ?

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶಾಲೆ ಬದಲಾಗಿದೆಯೇ, ಕಾಯಿಲೆಯಿಂದ ಬಹಳ ದಿನ ತಪ್ಪಿದೆಯೇ, ಪಾಠದ ಭಾಷೆಯೇ ಅರ್ಥವಾಗುತ್ತಿಲ್ಲವೇ ಎಂದು ನೋಡಿ. ಇವಾವುವೂ ಅಲ್ಲದೆ, ಬೇರೆಲ್ಲದರಲ್ಲೂ ಚುರುಕಾಗಿರುವ ಮಗುವಿಗೆ ಐದು ಹೆಚ್ಚೋ ಎಂಟು ಹೆಚ್ಚೋ ಎಂಬುದೂ ಹೊಳೆಯದಿದ್ದರೆ, ನೆನ್ನೆ ಬಂದದ್ದು ಇಂದು ಹೊಸದೆನ್ನುವಂತೆ ಆಗುತ್ತಿದ್ದರೆ, ಡಿಸ್‌ಕ್ಯಾಲ್ಕುಲಿಯಾ ಎಂಬ ಕಲಿಕಾ ನ್ಯೂನತೆ ಇರಬಹುದು. ಅದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿದೆ. ಸಾಮಾನ್ಯವಾಗಿ 8 ವರ್ಷದ ಆಸುಪಾಸಿಗೆ ಮುನ್ನ ಖಚಿತ ತೀರ್ಮಾನಕ್ಕೆ ಬರುವುದಿಲ್ಲ, ಆದರೆ ಸಲಹೆ ಪಡೆಯಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಒಂದು ಆಟದ ದಾಖಲೆಯನ್ನು ನೋಡಿ ನೀವಾಗಲಿ ನಾನಾಗಲಿ ಮಗುವಿಗೆ ಈ ಹೆಸರನ್ನು ಅಂಟಿಸಬಾರದು.

ಮೊಬೈಲ್ ಕೊಡಲು ಮನಸ್ಸಿಲ್ಲ. ಇದೇ ಆಟವನ್ನು ಕೈಯಲ್ಲಿ ಆಡಬಹುದಾ?

ಖಂಡಿತ ಆಡಬಹುದು. ಕಪಾಟಿನಲ್ಲಿ ಬಿದ್ದಿರುವ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ. ಅಷ್ಟು ಗಟ್ಟಿಯಾದ ಕಾಗದ ಅಂಗಡಿಯಲ್ಲಿ ಸುಲಭವಾಗಿ ಸಿಗದು. 1ರಿಂದ 9ರವರೆಗೆ ನಾಲ್ಕು ನಾಲ್ಕು ಎಲೆಗಳನ್ನು ಬರೆದರೆ 36 ಎಲೆಗಳಾಗುತ್ತವೆ. ಅಂಕಿಯ ಕೆಳಗೆ ಐದರ ಸಾಲು ಕಾಣುವಂತೆ ಚುಕ್ಕೆಗಳನ್ನು ಇಡಿ. ಐದು ಎಲೆಗಳನ್ನು ಮುಖ ಮೇಲಾಗಿ ಹರಡಿ, ಉಳಿದವುಗಳನ್ನು ಕವುಚಿ ಇಡಿ. ಹತ್ತಾಗುವ ಜೋಡಿ ಕಂಡವರು ಅದನ್ನು ಎತ್ತಿಕೊಂಡು "ಮೂರೂ ಏಳೂ ಹತ್ತು" ಎಂದು ಹೇಳಬೇಕು, ಆಮೇಲೆ ಕಟ್ಟಿನಿಂದ ಎರಡು ಎಲೆ ಎತ್ತಿ ಖಾಲಿ ಜಾಗಕ್ಕೆ ಹಾಕಬೇಕು. ಜೋಡಿಯೇ ಇಲ್ಲದಿದ್ದರೆ ಇನ್ನೊಂದು ಎಲೆಯನ್ನು ಹರಡಿ. ಎಲೆಗಳೆಲ್ಲ ಸರಿಯಾಗಿದ್ದರೆ ಆಟದ ಕೊನೆಗೆ 18 ಜೋಡಿಗಳಾಗಿ ಒಂದೂ ಉಳಿಯುವುದಿಲ್ಲ.

ನನ್ನ ಹಳೆಯ ತರಗತಿಯಲ್ಲಿ ಒಂದು ಮಧ್ಯಾಹ್ನ ಇಬ್ಬರು ಆಡಿ ಮುಗಿಸಿದಾಗ ನೆಲದ ಮೇಲೆ 7ರ ಎಲೆಯೊಂದು ಒಂಟಿಯಾಗಿ ಉಳಿಯಿತು. ಅವರಲ್ಲೊಬ್ಬ ಅದನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತಿದ್ದ. ಆಮೇಲೆ ಎದ್ದು, "ಟೀಚರ್, ಮೂರು ಎಲ್ಲೋ ಬಿದ್ದೋಗಿದೆ" ಎನ್ನುತ್ತಾ ಬೀರುವಿನ ಕೆಳಗೆ ಕೈಹಾಕಿ ಹುಡುಕತೊಡಗಿದ.